ಬಾಸ್ ಗಿಟಾರ್ ವಿಚಾರಿಸಲು ಹೋದದ್ದು

ಊಹೆ ಮಾಡಿ ನೋಡೋಣ. ಒಬ್ಬ ಹೈಸ್ಕೂಲ್ ಮೇಷ್ಟ್ರು, ಬಿ.ಎಸ್ಸಿ. ಓದಿದವನು, ಎರಡೂ ಕಿವಿ ನೆಟ್ಟಗಿರುವವನು, ಒಂದು ಒಳ್ಳೆಯ ಬಾಸ್ ಗಿಟಾರ್ ಕೊಳ್ಳಬೇಕು ಅಂತ ಹೊರಡುತ್ತಾನೆ. ಕಣ್ಣು ಮುಚ್ಚಿಕೊಂಡು ಕೊಂಡರೆ ಮೋಸ ಹೋಗುತ್ತೇನೆ ಅಂತ, ಆಗಲೇ ಗಿಟಾರ್ ಇಟ್ಟುಕೊಂಡವರ ಮನೆಗಳಿಗೇ ಹೋಗಿ ಅವರವರ ಅನುಭವ ವಿಚಾರಿಸಿಕೊಂಡು ಬರುತ್ತಾನೆ. ಕೊನೆಗೆ ಏನಾಯಿತು, ಹೇಳಿ?

ಗಿಟಾರ್ ಸಿಗಲಿಲ್ಲ ಅನ್ನುತ್ತೀರಾ? ಸಿಕ್ಕಿತು. ಕೆಟ್ಟ ಮಾಲು ಸಿಕ್ಕಿತು ಅನ್ನುತ್ತೀರಾ? ಇಲ್ಲ, ಅಪ್ಪಟ ಮಾಲು. ಬಸ್ಸಿನಲ್ಲಿ ಕಳೆದುಹೋಯಿತಾ? ಅದೂ ಇಲ್ಲ. ಬಿಡಿ, ನಿಮಗೆ ಹೊಳೆಯುವುದಿಲ್ಲ, ನನಗೇ ಹೊಳೆದಿರಲಿಲ್ಲ. ನನ್ನ ಹಣೆಬರಹವೇ ಅಂಥದ್ದು. ನಾನು ಕೈ ಹಾಕಿದ ಎಂಥ ಸೀದಾ ಕೆಲಸವೂ ನಮ್ಮ ಕಡೆಯ ಜನರ ಬಾಯಿಗೆ ಸಿಕ್ಕು ಸೊಟ್ಟಗಾಗಿಯೇ ವಾಪಸು ಬರುತ್ತದೆ. ಆಗೆಲ್ಲ ತಲೆ ಚಚ್ಚಿಕೊಂಡಿದ್ದೇನೆ. ಈಗ ಪಿಂಚಣಿ ತಗೊಂಡು ಜಗಲಿಯ ಮೇಲೆ ಕೂತು ಅದನ್ನೇ ನೆನೆಸಿಕೊಂಡು ಒಬ್ಬನೇ ನಗುತ್ತಿರುತ್ತೇನೆ. ಮನೆಯವಳು ಒಳಗಿನಿಂದ ಇಣುಕಿ ನೋಡಿ ಹೋಗುತ್ತಾಳೆ.

ಗುಮ್ ಎಲ್ಲೈತೆ?

ಚನ್ನಗಿರಿಯಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ನಾನು ಹಾರ್ಮೋನಿಯಂ, ಜೊತೆಗೆ ಕಾರ್ಯದರ್ಶಿ. ಢೋಲಕ್ ಬಾರಿಸುತ್ತಿದ್ದವರು ಅಡಿಕೆ ಮಂಡಿಯ ಸಾವ್ಕಾರ್ರು. ಹಾಡುತ್ತಿದ್ದವನು ಪೋಸ್ಟಾಫೀಸಿನ ಗುಮಾಸ್ತ. ಬೆಳಗಿಂದ ಸಂಜೆಯತನಕ ಕವರುಗಳಿಗೆ ಠಪ್ಪೆ ಹೊಡೆದೂ ಹೊಡೆದೂ ಅವನ ತಾಳ ಬಹಳ ಗಟ್ಟಿ. ಇನ್ನೂ ಒಂದಿಬ್ಬರು ಇದ್ದರು, ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಪ್ರತಿ ವರ್ಷ ಕನ್ನಡ ರಾಜ್ಯೋತ್ಸವದ ಸಂಜೆ ಊರಿನ ವೇದಿಕೆಯ ಮೇಲೆ ನಮ್ಮದೇ ರಸಮಂಜರಿ.

ಆ ವರ್ಷ ರಾಜ್ಯೋತ್ಸವ ಕಮಿಟಿಯ ಅಧ್ಯಕ್ಷರು ದಾವಣಗೆರೆಗೆ ಯಾವುದೋ ಮದುವೆಗೆ ಹೋಗಿ ಅಲ್ಲಿನ ಆರ್ಕೆಸ್ಟ್ರಾ ಪಾರ್ಟಿಯೊಂದರ ಬಾಸ್ ಗಿಟಾರ್ ಕೇಳಿ ಬಂದುಬಿಟ್ಟರು. ಜವಳಿ ಅಂಗಡಿಯ ಮನುಷ್ಯ, ಆದರೆ ಅವತ್ತಿನಿಂದ ಸಂಗೀತದ ಬಗ್ಗೆ ಮಾತಾಡಲು ಶುರುಮಾಡಿದರು. ನಮ್ಮ ಪ್ರಾಕ್ಟೀಸಿಗೆ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಮೇಷ್ಟ್ರೆ, ಬೇಜಾರು ಮಾಡ್ಕಳಬೇಡ್ರಿ. ನಿಮ್ಮದರಾಗೆ ಕೀಂ ಕೀಂ ಅನ್ನಾದೈತೆ, ಟಕ ಟಕ ಅನ್ನಾದೈತೆ. ಗುಮ್ ಅನ್ನಾದು ಎಲ್ಲೈತೆ?"

"ಢೋಲಕ್ ಐತಲ್ರಿ," ಅಂದರು ಸಾವ್ಕಾರ್ರು.

"ಅದು ಕಿವಿಗೆ ಬಡೀತೈತೆ. ಗುಮ್ ಅನ್ನಾದು ಇಲ್ಲಿಗೆ ಬಡೀಬೇಕು." ಅಧ್ಯಕ್ಷರು ಜುಬ್ಬದ ಗುಂಡಿಯ ಹತ್ತಿರ ಎದೆ ತಟ್ಟಿ ತೋರಿಸಿದರು. "ಈ ಸಲ ಗುಮ್ ಇಲ್ಲಾಂದ್ರೆ ದಾವಣಗೆರೆಯೋರ್ನೇ ಕರಸ್ತೀವಿ. ನಿಮಗೆ ಮುಂದಿನ ಸಾಲಿನಾಗೆ ಸೀಟು ಹಾಕಿಸ್ತೀನಿ, ಆರಾಮಾಗಿ ಕೇಳ್ರಿ."

ನೋಡಿ, ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಸ್ವಂತ ಊರಿನ ರಾಜ್ಯೋತ್ಸವದಲ್ಲಿ ಪರಊರಿನವರು ಮೇಲೆ ಹಾಡುವುದು, ನಾವು ಕೆಳಗೆ ಕೂತು ಚಪ್ಪಾಳೆ ತಟ್ಟುವುದು! ಅದೂ ನಾನು ಪಾಠ ಹೇಳುವ ಶಾಲೆಯ ಮಕ್ಕಳೆಲ್ಲ ನೋಡುತ್ತಿರುವಾಗ. "ಗುಮ್ ತರ್ತೀವಿ ಬಿಡ್ರಿ" ಅಂದೆ.

ಬೆಂಗಳೂರಿಗೆ ಹೋಗಿ ಯಾವುದಾದರೂ ದೊಡ್ಡ ಅಂಗಡಿಯಲ್ಲಿ ಕೇಳೋಣ ಅಂತ ನಾನು. ಸಾವ್ಕಾರ್ರು ಒಪ್ಪಲಿಲ್ಲ. "ಅಂಗಡಿಯೋನು ತನ್ನ ಮಾಲು ಕೆಟ್ಟದ್ದು ಅಂತಾನೇನ್ರಿ? ಇಟ್ಕಂಡು ಬಾಳ್ವೆ ಮಾಡಿದೋರ್ನ ಕೇಳ್ಬೇಕು. ಹೊನ್ನಾಳ್ಯಾಗೆ ಒಬ್ಬರತ್ರ ಐತಂತೆ, ನ್ಯಾಮತ್ಯಾಗೆ ಒಬ್ಬರತ್ರ, ಜಗಳೂರಾಗೆ ಒಬ್ಬರತ್ರ. ಹೋಗಾಣ ನಡೀರಿ."

ಸಾವ್ಕಾರ್ರ ಪರೀಕ್ಷೆಯ ವಿಧಾನವನ್ನು ಮೊದಲೇ ಹೇಳಿಬಿಡಬೇಕು. ಯಾವ ವಸ್ತುವಾದರೂ ಸರಿ, ಹೆಬ್ಬೆರಳ ಉಗುರಿನಿಂದ ಕೆರೆದು ನೋಡುವರು, ಮೂಸುವರು, ಕಿವಿಯ ಹತ್ತಿರ ಹಿಡಿದು ತಟ್ಟುವರು, ಆಮೇಲೆ ಅಡಿಕೆಯ ಲೆಕ್ಕದಲ್ಲಿ ದರ್ಜೆ ಕೊಡುವರು. ಅಡಿಕೆಯಲ್ಲಿ ಸರಕು ಅಂದರೆ ಎಲ್ಲಕ್ಕಿಂತ ಮೇಲು, ಗೊರಬಲು ಅಂದರೆ ಎಲ್ಲಕ್ಕಿಂತ ಕೆಳಗೆ. ಹೋಟೆಲಿನ ದೋಸೆ, ಹೊಸ ಬಸ್ಸು, ಬಂದುಹೋದ ತಹಶೀಲ್ದಾರರು, ಎಲ್ಲರಿಗೂ ಇದೇ ಲೆಕ್ಕ. ನಮ್ಮ ಹೆಡ್ಮಾಸ್ಟರು ಗೊರಬಲು ಅಂತ ನನ್ನ ಮುಂದೆಯೇ ಹೇಳಿದ್ದರು. ನನ್ನನ್ನು ಯಾವ ರಾಶಿಗೆ ಸುರಿದಿದ್ದರೋ, ಕೇಳುವ ಧೈರ್ಯ ಇವತ್ತಿಗೂ ಆಗಿಲ್ಲ.

ಹೊನ್ನಾಳಿಯ ನಿಶ್ಶಬ್ದ

ಹೊನ್ನಾಳಿಯವರು ವಿಮೆ ಏಜೆಂಟರು. ಬಾಗಿಲಲ್ಲೇ ಕೈ ಹಿಡಿದುಕೊಂಡು ಒಳಗೆ ಕರೆದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಬಂತು. ತಿನ್ನುವಷ್ಟರಲ್ಲಿ ನನ್ನ ವಯಸ್ಸು, ನನ್ನ ತಂದೆಯ ವಯಸ್ಸು, ನಮ್ಮ ಮನೆತನದಲ್ಲಿ ಯಾರ್‍ಯಾರಿಗೆ ಯಾವ ಕಾಯಿಲೆ ಅಂತೆಲ್ಲ ವಿಚಾರಿಸಿಕೊಂಡರು. ಗಿಟಾರಿನ ಅನುಭವ ಕೇಳಲು ಹೋದವನು ನನ್ನ ಅನುಭವವನ್ನೇ ಹೇಳುತ್ತ ಕೂತಿದ್ದೆ.

ಕಡೆಗೂ ಗಿಟಾರ್ ಹೊರಗೆ ಬಂತು. ಕಲ್ಕತ್ತದ ಮಾಲು, ನೇರಳೆಹಣ್ಣಿನ ಬಣ್ಣ, ಮುಖ ನೋಡಿಕೊಳ್ಳುವಷ್ಟು ಹೊಳಪು.

"ಎರಡು ವರ್ಷ ಆತು ಮೇಷ್ಟ್ರೆ. ಒಂದು ದಿನ ಕಂಪ್ಲೇಂಟ್ ಅಂತ ಇಲ್ಲ. ಗೊರ ಗೊರ ಸದ್ದಿಲ್ಲ, ಷಾಕ್ ಹೊಡೆಯಾದಿಲ್ಲ. ಕರೆಂಟ್ ಹೋದ್ರೂ ಕಾರ್ಯಕ್ರಮ ನಿಲ್ಲಲ್ಲ."

ನಾನು ವಿಜ್ಞಾನದ ಮೇಷ್ಟ್ರು. ಕಿವಿ ನಿಮಿರಿತು. "ಕರೆಂಟ್ ಹೋದ್ರೂ ನಡೀತದಾ?"

"ನುಡಿಸಿ ತೋರಿಸ್ತೀನಿ, ನೋಡ್ರಿ."

ನುಡಿಸಿದರು. ಕಣ್ಣು ಮುಚ್ಚಿದರು, ತಲೆ ಅಲ್ಲಾಡಿಸಿದರು, ಬೆರಳು ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ಓಡಾಡಿದವು. ಬಜ್ಜಿಯ ತಟ್ಟೆಯ ಮೇಲೆ ಕೂತಿದ್ದ ನೊಣದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಗಿಟಾರಿನದು ಇಲ್ಲ. ಅದರ ವಯರು ಜಮಖಾನದ ಕೆಳಗೆ ಹೋಗಿತ್ತು. ಮೆಲ್ಲಗೆ ಜಮಖಾನ ಎತ್ತಿ ನೋಡಿದೆ. ವಯರಿನ ತುದಿಯನ್ನು ಮಂಚದ ಕಾಲಿಗೆ ಚೊಕ್ಕವಾಗಿ ಗಂಟು ಹಾಕಿದ್ದರು.

"ಇದನ್ನ ಆಂಪ್ಲಿಫೈಯರಿಗೆ ಹಾಕಬೇಕಲ್ವೇನ್ರಿ?"

"ಅದು ಬೇರೆ ತಗಳಬೇಕಂತಲ್ರಿ. ಅಂಗಡಿಯೋನು ಹೇಳಿದ್ದ. ಎರಡು ಎರಡು ಸಾಮಾನು ಯಾಕೆ ಅಂತ ಬಿಟ್ಟೆ. ಬಾಸು ಅಂದ್ರೆ ಕಿವಿಗೆ ಕೇಳಾದಲ್ಲ ಮೇಷ್ಟ್ರೆ, ಮೈಗೆ ಗೊತ್ತಾಗಾದು."

ಎರಡು ವರ್ಷದಿಂದ ಹೊನ್ನಾಳಿಯ ಪಾರ್ಟಿಯಲ್ಲಿ ಅವರು ಹಾಗೇ ನುಡಿಸಿದ್ದರು. ತಡೆಯಲಾಗದೆ ಕೇಳಿದೆ. "ಜೊತೆಗಾರರು ಯಾರೂ ಏನೂ ಅನ್ನಲಿಲ್ವಾ?"

"ಅನ್ನದೇ ಇರ್ತಾರಾ? ಎಲ್ಲಾರೂ ಒಂದೇ ಮಾತು ಹೇಳ್ತಾರೆ. ಪಾರ್ಟ್ಯಾಗೆ ಇಷ್ಟು ಜನ ಅದಾರೆ, ನಿಮ್ಮೊಬ್ಬರಿಂದ ಮಾತ್ರ ಯಾರಿಗೂ ತೊಂದ್ರೆ ಇಲ್ಲ ಅಂತ."

ಹೊರಗೆ ಬಂದ ಮೇಲೆ ನಾನು ಉರಿದುಬಿದ್ದೆ. ಸಾವ್ಕಾರ್ರು ಮಾತ್ರ ಗಂಭೀರವಾಗಿ, "ಮರ ಸರಕು ಐತೆ ಮೇಷ್ಟ್ರೆ, ತಟ್ಟಿ ನೋಡಿದೆ. ಮನುಷ್ಯ ಸ್ವಲ್ಪ ಹಸಿ" ಅಂದರು.

ನ್ಯಾಮತಿಯ ಗಿರಣಿಯಲ್ಲಿ

ನ್ಯಾಮತಿಯವರದು ಹಿಟ್ಟಿನ ಗಿರಣಿ. ಅವರಲ್ಲಿ ಆಂಪ್ಲಿಫೈಯರ್ ಇತ್ತು, ದೇವರ ದಯೆ. ಬೀರುವಿನಷ್ಟು ಎತ್ತರದ ಸ್ಪೀಕರ್ ಪೆಟ್ಟಿಗೆಯನ್ನು ತಾವೇ ಬಡಗಿಯ ಹತ್ತಿರ ಮಾಡಿಸಿದ್ದರು. ಎಲ್ಲವೂ ಗಿರಣಿಯಲ್ಲೇ ಇತ್ತು.

"ಮನ್ಯಾಗೆ ವೋಲ್ಟೇಜ್ ಬರಲ್ರಿ, ಬಲ್ಬು ಹಣ್ಣು ಮೆಣಸಿನಕಾಯಿ ಥರ ಕೆಂಪಗೆ ಇರ್ತತೆ. ಗಿರಣಿ ಲೈನು ಬೇರೆ. ಇಲ್ಲೇ ನುಡಿಸಾದು."

"ಗಿರಣಿ ನಿಲ್ಲಿಸಿ ನುಡಿಸ್ತೀರಾ?"

"ನಿಲ್ಲಿಸಿದ್ರೆ ಜನ ಬಿಡ್ತಾರೇನ್ರಿ?"

ನಿಜ, ಬಾಗಿಲ ತನಕ ಡಬ್ಬಿಗಳ ಸಾಲು. ರಾಗಿ, ಜೋಳ, ಗೋಧಿ. ಡಬ್ಬಿಗಳ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ ಹೆಂಗಸರು. ಅವರ ಎದುರಿಗೇ ಮಾಲೀಕರು ಗಿಟಾರ್ ಹೆಗಲಿಗೇರಿಸಿದರು. ಗಿರಣಿಯ ಪಟ್ಟಾ ಪಟ ಪಟ ಅನ್ನುತ್ತಿದೆ, ಕಲ್ಲು ಗುರ್ ಅನ್ನುತ್ತಿದೆ. ಅದರಲ್ಲಿ ಬಾಸ್ ಯಾವುದು, ಬೀಸುವ ಕಲ್ಲು ಯಾವುದು, ಬ್ರಹ್ಮನಿಗೂ ತಿಳಿಯದು. ನಾನು ಸ್ಪೀಕರಿಗೆ ಕಿವಿಯಿಟ್ಟೆ. ಸಾವ್ಕಾರ್ರು ತಪ್ಪಿ ಗಿರಣಿಯ ಮೋಟಾರಿಗೆ ಕಿವಿಯಿಟ್ಟು, "ಭಾರೀ ಐತೆ! ಸರಕು!" ಅಂತ ಕೂಗಿದರು.

"ತಂತಿ ಒಂದು ಬೇರೆ ಥರ ಕಾಣ್ತದಲ್ರಿ?" ಅಂತ ನಾನೂ ಕೂಗಿದೆ.

"ದಪ್ಪನೇದು ಹರೀತು! ಇಲ್ಲೆಲ್ಲಿ ಸಿಗ್ತತೆ? ಸೈಕಲ್ ಬ್ರೇಕಿನ ವಯರ್ ಹಾಕೀನಿ! ಹರಿಯಾ ಮಾತೇ ಇಲ್ಲ!"

"ಶ್ರುತಿ?"

"ಹಾಂ?"

"ಶ್ರುತಿ ಸರಿ ಇರ್ತದಾ?"

"ಬ್ರೇಕ್ ಚೆನ್ನಾಗಿ ಹಿಡೀತೈತೆ!"

ಅಷ್ಟರಲ್ಲಿ ಸಾಲಿನಲ್ಲಿದ್ದ ಅಜ್ಜಿಯ ಸರದಿ ಬಂತು. ಅಜ್ಜಿ ತಂದದ್ದು ಒಣಮೆಣಸಿನಕಾಯಿ, ಒಂದು ಚೀಲ. ಗಿರಣಿಯ ಆಳು ಸುರಿದೇ ಬಿಟ್ಟ. ಮೊದಲು ನಾನು ಸೀನಿದೆ, ಆಮೇಲೆ ಸಾವ್ಕಾರ್ರು, ಆಮೇಲೆ ಸಾಲು ಸಾಲಾಗಿ ಊರು. ಮಾಲೀಕರು ಮಾತ್ರ ಕಣ್ಣಲ್ಲಿ ನೀರು ಸುರಿಸುತ್ತ ನುಡಿಸುತ್ತಲೇ ಇದ್ದರು. ನಿಲ್ಲಿಸಿ ಅಂತ ಕೈ ಮುಗಿದೆ. ಸಂಗೀತಕ್ಕೆ ಕರಗಿದೆ ಅಂದುಕೊಂಡು ಇನ್ನೊಂದು ಹಾಡು ಎತ್ತಿಕೊಂಡರು.

ಬೀದಿಗೆ ಓಡಿಬಂದು ಉಸಿರೆಳೆದುಕೊಂಡೆವು. ಹಿಂದೆಯೇ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಅವರೂ ಬಂದರು. "ನನ್ನ ಅನುಭವ ಕೇಳಿದ್ರಲ್ಲ, ಒಂದೇ ಹೇಳ್ತೀನಿ, ನೆನಪಿಟ್ಕಳ್ರಿ. ಗಿಟಾರ್ ಯಾವುದಾದ್ರೂ ತಗಳ್ರಿ, ಖಾರದ ದಿನ ಮಾತ್ರ ನುಡಿಸಬೇಡ್ರಿ."

ಇದನ್ನು ಕೇಳಲು ಎರಡು ಬಸ್ಸು ಬದಲಾಯಿಸಿ ಹೋಗಿದ್ದೆ ನಾನು!

ಬಿಳಿಚೋಡಿನಲ್ಲಿ ಹತ್ತಿದ ಯಜಮಾನರು

ಮುಂದಿನ ಭಾನುವಾರ ಜಗಳೂರಿಗೆ. ದಾವಣಗೆರೆ ದಾಟಿದ ಮೇಲೆ ದಾರಿಯುದ್ದಕ್ಕೂ ನಮ್ಮದು ಅದೇ ಚರ್ಚೆ. ಬಿಳಿಚೋಡಿನಲ್ಲಿ ಕಂಬಳಿ ಹೊದ್ದ ಯಜಮಾನರೊಬ್ಬರು ಹತ್ತಿ, ನಮ್ಮ ಮುಂದಿನ ಸೀಟಿನಲ್ಲಿ ಕೂತು, ಕತ್ತು ತಿರುಗಿಸಿ ನಮ್ಮ ಮಾತನ್ನೇ ಕೇಳುತ್ತಿದ್ದರು.

ಸಾವ್ಕಾರ್ರು ಹೇಳುತ್ತಿದ್ದರು: "ಹೊನ್ನಾಳಿದು ಬಣ್ಣ ಚೆನ್ನಾಗೈತೆ, ಮೈಕಟ್ಟು ಚೆನ್ನಾಗೈತೆ. ಆದ್ರೆ ದನಿನೇ ಇಲ್ಲ."

ನಾನು ಅಂದೆ, "ನ್ಯಾಮತಿದು ದನಿ ಜೋರು. ಆದ್ರೆ ಕುತ್ತಿಗೆ ಸ್ವಲ್ಪ ವಾರೆ."

ಯಜಮಾನರಿಗೆ ತಡೆಯಲಾಗಲಿಲ್ಲ. "ನಾನು ಹೇಳ್ತೀನಿ ಕೇಳ್ರಪ್ಪಾ. ಹೊನ್ನಾಳಿದೇ ಮಾಡ್ಕಳ್ರಿ. ದನಿ ಇಲ್ದೇ ಇರಾದು ಮನೆಗೆ ತಂಪು." ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಸಾವ್ಕಾರ್ರನ್ನು ಕೇಳಿದರು: "ಹುಡುಗ ಇವ್ನೇ ಏನ್ರಿ? ಕೂದಲು ಉದುರಾಕೆ ಹತ್ಯಾವೆ, ಇನ್ನೂ ತಡ ಮಾಡಬೇಡ್ರಿ."

ಬಸ್ಸೆಲ್ಲ ನನ್ನ ತಲೆಯನ್ನೇ ನೋಡಿತು. ನನಗೆ ಆಗಲೇ ಇಬ್ಬರು ಮಕ್ಕಳು.

ಜಗಳೂರಿನ ಎರಡನೇ ಅಭಿಪ್ರಾಯ

ಜಗಳೂರಿನವರು ಡ್ರಿಲ್ ಮೇಷ್ಟ್ರು, ನಮ್ಮ ಇಲಾಖೆಯವರೇ. ಹಾಗಾಗಿ ಇಲ್ಲಿ ಸರಿಯಾದ ಮಾತು ಸಿಗುತ್ತದೆ ಅಂತ ಆಸೆ. ಒಳಗೆ ಹೋದರೆ ನಡುಮನೆಯಲ್ಲಿ ಚಾಪೆಯ ಮೇಲೆ ಯಾರೋ ಒದ್ದೆ ಗೋಣಿಚೀಲ ಹೊದ್ದು ಮಲಗಿದ್ದಾರೆ.

"ಮನೇಲಿ ಯಾರಿಗಾದ್ರೂ ಜ್ವರಾನಾ?" ಅಂತ ಮೆಲ್ಲಗೆ ಕೇಳಿದೆ.

"ಗಿಟಾರು ಸಾರ್," ಅಂದರು ಮೇಷ್ಟ್ರು ಅಷ್ಟೇ ಮೆಲ್ಲಗೆ.

ಜಗಳೂರಿನ ಒಣ ಹವೆಗೆ ಗಿಟಾರಿನ ಮರ ಕುಗ್ಗುತ್ತದಂತೆ. ಮರ ಕುಗ್ಗಿದರೂ ಅದರ ಕುತ್ತಿಗೆಗೆ ಅಡ್ಡಡ್ಡ ಬಡಿದ ಲೋಹದ ಪಟ್ಟಿಗಳು ಕುಗ್ಗುವುದಿಲ್ಲವಲ್ಲ, ಅವುಗಳ ತುದಿಗಳು ಅಂಚಿನಿಂದ ಹೊರಗೆ ಬಂದು ಬೆರಳು ಕೊಯ್ಯುತ್ತವೆ. ಅದಕ್ಕೇ ದಿನವೂ ಒದ್ದೆ ಗೋಣಿಚೀಲದ ಉಪಚಾರ. ಇಷ್ಟನ್ನು ಮೇಷ್ಟ್ರು ನನಗೆ ಭೌತಶಾಸ್ತ್ರದ ಪಾಠದಂತೆ ಹೇಳಿದರು. ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಖುಷಿಯಾಯಿತು. ಕಡೆಗೂ ತಿಳಿದವರೊಬ್ಬರು ಸಿಕ್ಕರು!

"ಒಟ್ಟಿನ ಮೇಲೆ ನಿಮ್ಮ ಅನುಭವದಲ್ಲಿ ಈ ಗಿಟಾರ್ ಹೆಂಗೆ ಸಾರ್?"

"ಬಂಗಾರ ಸಾರ್, ಬಂಗಾರ. ಇದನ್ನ ಇಟ್ಕಳಾಕೆ ಪುಣ್ಯ ಮಾಡಿರಬೇಕು. ಒಂದೇ ಒಂದು ಕಷ್ಟ ಅನ್ನಾದು ಗೊತ್ತಿಲ್ಲ."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಬಿದ್ದದ್ದಲ್ಲ, ಎಸೆದದ್ದು. ಮೇಷ್ಟ್ರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದರು.

"ಅಣ್ಣಾರೆ, ಚನ್ನಗಿರಿಯಿಂದ ಬಂದೀರಿ, ನನ್ನದೂ ಒಂಚೂರು ಕೇಳ್ಕಂಡು ಹೋಗ್ರಿ. ಇವರಿಗೆ ಕಷ್ಟ ಗೊತ್ತಿಲ್ಲ, ನಿಜ. ಬೋರ್‌ವೆಲ್ ಹತ್ರ ಕೊಡ ಹಿಡ್ಕಂಡು ಕ್ಯೂ ನಿಂತೋಳು ನಾನು. ಮನೆಗೆ ತರಾ ನೀರಿನಾಗೆ ಮೊದಲನೇ ಕೊಡ ಇದಕ್ಕೆ. ಮಕ್ಕಳ ಸ್ನಾನ ಆಮೇಲೆ, ನಂದು ಸಿಕ್ಕಿದ್ರೆ. ಬ್ಯಾಸಗ್ಯಾಗೆ ನಮ್ಮವ್ವ ಬಂದಿದ್ಲು, ಒಂದು ಫ್ಯಾನ್ ಐತೆ ಮನ್ಯಾಗೆ, ಅದನ್ನೂ ತಿರುಗಿಸಿ ಇದರ ಕಡೆ ಇಟ್ಟಿದ್ರು."

"ಲೇ, ಆಗ ಗೋಣಿಚೀಲ ಒಣಗಿಸಾಕೆ..."

"ನೋಡ್ರಿ! ಒದ್ದೆ ಮಾಡಾದೂ ಅವರೇ, ಒಣಗಿಸಾದೂ ಅವರೇ. ನನ್ನ ನೋಡ್ರಿ ಅಣ್ಣಾರೆ, ಮದುವೆ ಆಗಿ ಬಂದಾಗಿಂದ ಇಷ್ಟು ವರ್ಷಕ್ಕೆ ಒಂದು ದಿನ ನಿನಗೆ ಹವೆ ಒಗ್ತತೇನೇ ಅಂತ ಕೇಳಿದೋರಲ್ಲ."

ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಕೂತರು. ನಾನು ಕಾಫಿ ಲೋಟದ ತಳ ನೋಡಿದೆ. ಸಾವ್ಕಾರ್ರು ಮೊದಲ ಸಲ ಏನನ್ನೂ ಕೆರೆಯದೆ, ಮೂಸದೆ ಎದ್ದು ನಿಂತರು. ರಸ್ತೆಗೆ ಬಂದ ಮೇಲೆ ಅಂದರು:

"ಮೇಷ್ಟ್ರೆ, ಇಷ್ಟು ಊರು ತಿರುಗಿ ತಪ್ಪು ಮಾಡಿದ್ವಿ. ಇಟ್ಕಂಡೋರ್ನ ಕೇಳಿದ್ವಿ. ಇಟ್ಕಂಡೋರ್ನ ಕಟ್ಕಂಡೋರ್ನ ಕೇಳಬೇಕಿತ್ತು."

ಪೆಟ್ಟಿಗೆ ಬಿಚ್ಚಿದಾಗ

ಕೊನೆಗೆ ನಾನೇ ಹಟ ಹಿಡಿದು ಬೆಂಗಳೂರಿನ ಅಂಗಡಿಗೆ ಬರೆದು ತರಿಸಿದೆ. ರಾಜ್ಯೋತ್ಸವದ ಹಿಂದಿನ ವಾರ ಲಾರಿಯಲ್ಲಿ ಮರದ ಪೆಟ್ಟಿಗೆ ಬಂತು. ಮಂಡಿಯ ಅಂಗಳದಲ್ಲಿ ಎಲ್ಲರೂ ಸೇರಿದೆವು. ಅಧ್ಯಕ್ಷರೂ ಬಂದರು. ಹುಲ್ಲು ತೆಗೆದು, ಕಾಗದ ತೆಗೆದು ಹೊರಗೆತ್ತಿದರೆ, ಆಹಾ, ಕರಿ ಬಣ್ಣದ, ನೀಳ ಕುತ್ತಿಗೆಯ ಗಿಟಾರು, ಜೊತೆಗೆ ಆಂಪ್ಲಿಫೈಯರ್. ಸಾವ್ಕಾರ್ರು ಕೆರೆದರು, ಮೂಸಿದರು, ತಟ್ಟಿದರು.

"ಸರಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು, "ಎಲ್ಲಿ, ಒಂದು ಗುಮ್ ಅನ್ನಿಸ್ರಿ ನೋಡಾಣ" ಅಂದರು.

ನಾನು ಸಾವ್ಕಾರ್ರ ಮುಖ ನೋಡಿದೆ. ಸಾವ್ಕಾರ್ರು ಗಾಯಕನ ಮುಖ ನೋಡಿದರು. ಗಾಯಕ ನನ್ನ ಮುಖ ನೋಡಿದ. ನಂಬುತ್ತೀರೋ ಇಲ್ಲವೋ, ಇಷ್ಟು ಊರು ತಿರುಗಿ, ಮರ, ತಂತಿ, ವಯರು, ಹವೆ ಎಲ್ಲ ವಿಚಾರಿಸಿದ ನಾವು, ಅದನ್ನು ನುಡಿಸುವವರು ಯಾರು ಅಂತ ಒಬ್ಬರೂ ಯೋಚಿಸಿರಲಿಲ್ಲ.

"ಮೇಷ್ಟ್ರು ನುಡಿಸ್ತಾರೆ," ಅಂದರು ಸಾವ್ಕಾರ್ರು.

"ನಾನಾ? ನಂದು ಹಾರ್ಮೋನಿಯಂ!"

"ಹಾರ್ಮೋನಿಯಂನಾಗೆ ಎಷ್ಟೊಂದು ಮನೆ ಅದಾವೆ. ಇದರಾಗೆ ಬರೇ ನಾಲ್ಕು ತಂತಿ. ಕಾಲೇಜು ಓದಿದೋರಿಗೆ ನಾಲ್ಕು ತಂತಿ ಕಷ್ಟಾನೇನ್ರಿ?"

ಅಧ್ಯಕ್ಷರು ನನ್ನ ಬೆನ್ನು ತಟ್ಟಿ ಹೋದರು. ಆ ವಾರ ನನ್ನ ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದವು. ತರಗತಿಯಲ್ಲಿ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಮನೆಯವಳು ಮೂರು ಸಂಜೆ ತಡೆದುಕೊಂಡು ನಾಲ್ಕನೆಯ ಸಂಜೆ, "ಕಳ್ಳರು ಗೋಡೆ ಕೊರೀತಿದಾರೇನೋ ಅಂತ ಪಕ್ಕದ ಮನೆಯೋರು ಕೇಳಾಕೆ ಬಂದಿದ್ರು" ಅಂದಳು.

ಗುಮ್

ರಾಜ್ಯೋತ್ಸವದ ಸಂಜೆ ಕಾರ್ಯಕ್ರಮಕ್ಕೆ ಇನ್ನೇನು ಅರ್ಧ ಗಂಟೆ ಇದೆ ಅನ್ನುವಾಗ ವೇದಿಕೆಯ ಹಿಂದೆ ಒಂದು ಅಡಿಕೆ ಲಾರಿ ಬಂದು ನಿಂತಿತು. ಇಳಿದವರು ಯಾರು? ಹೊನ್ನಾಳಿಯ ಏಜೆಂಟರು, ಹೊಸ ಸಫಾರಿ ಹಾಕಿಕೊಂಡು, ನೇರಳೆ ಗಿಟಾರಿನ ಸಮೇತ. ಅವರ ಹಿಂದೆ ನ್ಯಾಮತಿಯ ಗಿರಣಿಯವರು, ಬೀರುವಿನಂಥ ಸ್ಪೀಕರನ್ನು ನಾಲ್ಕು ಜನರಿಂದ ಇಳಿಸುತ್ತ. ಇಬ್ಬರನ್ನೂ ಮಾತಾಡಿಸಿ ಮುಗಿಸಿರಲಿಲ್ಲ, ಬಸ್‌ಸ್ಟಾಂಡಿನ ಕಡೆಯಿಂದ ಜಗಳೂರಿನ ಮೇಷ್ಟ್ರು ಮಗುವನ್ನು ಎತ್ತಿಕೊಂಡಂತೆ ಗೋಣಿಚೀಲದ ಗಂಟನ್ನು ಎತ್ತಿಕೊಂಡು ಬಂದರು. ಹಿಂದೆ ಹೆಂಡತಿ, ನೀರಿನ ಕೊಡ ಹಿಡಿದು.

ಸಾವ್ಕಾರ್ರನ್ನು ಪಕ್ಕಕ್ಕೆ ಎಳೆದೆ. "ಇವರನ್ನೆಲ್ಲ ಕರೆದೋರು ಯಾರ್ರಿ?"

"ನಾನೇ. ಮಂಡಿ ಲಾರಿ ಡ್ರೈವರ್ ಕೈಲಿ ಎಲೆ ಅಡಿಕೆ ಕೊಟ್ಟು ಕರೆ ಕಳಿಸಿದ್ದೆ. ಹೆಣ್ಣಿನ ವಿಚಾರ ಯಾರ ಮನ್ಯಾಗೆ ಕೇಳಿರ್ತೀವೋ ಅವರಿಗೆ ಮೊದಲು ಲಗ್ನಪತ್ರಿಕೆ ಕೊಡಲ್ವೇನ್ರಿ? ಇದೂ ಹಂಗೇ. ವಿಚಾರಿಸಿ, ಬಜ್ಜಿ ತಿಂದು, ಕರೀದೇ ಇದ್ರೆ ಏನಂದ್ಕಂತಾರೆ?"

"ಕರದಿರಿ, ಸರಿ. ಗಿಟಾರ್ ಸಮೇತ ಬರ್ರಿ ಅಂದಿದ್ರಾ?"

"ಅಂದಿಲ್ಲ. ಆದ್ರೆ ಶುಭಕಾರ್ಯಕ್ಕೆ ಬರಿಗೈಲಿ ಬರಾ ಜನಾನೇನ್ರಿ ಅವರು?"

ಬಂದವರನ್ನು ವೇದಿಕೆಗೆ ಕರೆಯದೆ ಕೆಳಗೆ ಕೂರಿಸುವುದು ಹೇಗೆ? ಕರೆದೆವು. ಕರೆದ ಮೇಲೆ ಮುಂದೆ ಯಾರು, ಹಿಂದೆ ಯಾರು? ಹೊನ್ನಾಳಿಯವರು, ನಮ್ಮದು ನದಿ ದಂಡೆಯ ಊರು, ಮುಂದೆ ನಾವು ಅಂದರು. ಗಿರಣಿಯವರು, ಸ್ಪೀಕರ್ ನನ್ನದು ಅಂದರು. ಜಗಳೂರಿನ ಮೇಷ್ಟ್ರು ಡ್ರಿಲ್ಲಿನ ದನಿಯಲ್ಲಿ "ಎತ್ತರದ ಪ್ರಕಾರ ನಿಲ್ಲಿ!" ಅಂದಾಗ ನಾನೂ ಸೇರಿ ನಾಲ್ವರೂ ಒಂದೇ ಸಾಲಿನಲ್ಲಿ ನಿಂತೆವು. ಬಾಸ್ ಇಲ್ಲ ಅಂತ ಕೊರಗುತ್ತಿದ್ದ ಪಾರ್ಟಿಯಲ್ಲಿ ಈಗ ನಾಲ್ಕು ಬಾಸು. ಹಾರ್ಮೋನಿಯಂ ಮುಂದೆ ಯಾರೂ ಇಲ್ಲ. ನಮ್ಮ ಗಾಯಕ ನಮ್ಮನ್ನು ಎಣಿಸಿ, ಮತ್ತೊಮ್ಮೆ ಎಣಿಸಿ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಪರದೆ ಸರಿಯಿತು.

ಮೈಕ್‌ಸೆಟ್ಟಿನವನು ಉಪಕಾರ ಬುದ್ಧಿಯ ಮನುಷ್ಯ. ಹೊನ್ನಾಳಿಯವರ ವಯರು ನೇತಾಡುವುದನ್ನು ನೋಡಿ ಅದನ್ನೂ ಬೀರುವಿನ ಸ್ಪೀಕರಿನ ಆಂಪ್ಲಿಫೈಯರಿಗೆ ಸಿಕ್ಕಿಸಿಬಿಟ್ಟ. ಅವರು ಬೆರಳಿಟ್ಟರು. ಎರಡು ವರ್ಷದಲ್ಲಿ ಮೊದಲ ಸಲ ಅವರ ಗಿಟಾರ್ ಬಾಯಿ ತೆರೆಯಿತು. ಹುಲಿ ಕಂಡವರಂತೆ ಒಂದು ಹೆಜ್ಜೆ ಹಿಂದೆ ಹಾರಿದರು. "ಅಯ್ಯಯ್ಯಪ್ಪ! ಇದು ಹಿಂಗೆ ಕೂಗ್ತತೇನ್ರಿ!" ಆಮೇಲೆ ಅವರನ್ನು ಹಿಡಿಯುವವರಿಲ್ಲ. ಎರಡು ವರ್ಷದ ಬಾಕಿಯೆಲ್ಲ ಅವತ್ತೇ ತೀರಿಸಿದರು. ಅವರನ್ನು ಮೀರಿಸಲು ಗಿರಣಿಯವರು, ಗಿರಣಿಯವರನ್ನು ಮೀರಿಸಲು ಜಗಳೂರು. ನಾನು ಯಾರ ಜೊತೆ ಹೋಗಬೇಕೋ ತಿಳಿಯದೆ ಎಲ್ಲರ ಹಿಂದೆಯೂ ಸ್ವಲ್ಪ ಸ್ವಲ್ಪ ಓಡಿದೆ.

ವೇದಿಕೆಯನ್ನು ಖಾಲಿ ಡಾಂಬರು ಡ್ರಮ್ಮುಗಳ ಮೇಲೆ ಹಲಗೆ ಹಾಸಿ ಕಟ್ಟಿದ್ದರು. ಅವೂ ದನಿಗೂಡಿಸಿದವು. ಮೇಲಿನ ತಗಡು ನಡುಗಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರ ಚಹಾದ ಕಪ್ಪು ಸಾಸರಿನ ಮೇ‌ಲೆ ತಾನೇ ನಡೆದುಕೊಂಡು ಹೋಗಿ ಅವರ ಪಂಚೆಯ ಮೇಲೆ ಇಳಿಯಿತು.

ಗಾಯಕ ಮೊದಲು ನಾಡಿನ ಮೇಲಿನ ಹಾಡನ್ನೇ ಹಾಡಲು ನೋಡಿದ. ಪಲ್ಲವಿ ಮುಗಿಸಿದ್ದಾನೋ ಇಲ್ಲವೋ, ತನ್ನ ದನಿ ತನಗೇ ಕೇಳದೆ ನಮ್ಮ ಕಡೆ ತಿರುಗಿದ. ಮೈಕು ಕೈಯಲ್ಲೇ ಇತ್ತು. ನಾಲ್ಕು ಹೆಜ್ಜೆ ದೂರದಲ್ಲಿದ್ದ ನನಗೆ ತುಟಿಯ ಅಲುಗಾಟದಿಂದ ಮಾತು ಗೊತ್ತಾಯಿತು. ಅವನು ಹಾಡುತ್ತಿರಲಿಲ್ಲ, ಬೈಯುತ್ತಿದ್ದ. ಮೊದಲು ಸಾವ್ಕಾರ್ರನ್ನು, ಆಮೇಲೆ ನನ್ನನ್ನು, ಆಮೇಲೆ ಊರೂರಿನ ಲೆಕ್ಕದಲ್ಲಿ ಅತಿಥಿಗಳನ್ನು. ಠಪ್ಪೆ ಹೊಡೆದು ಪಳಗಿದ ಕೈ ನೋಡಿ, ಒಂದೊಂದು ಬೈಗುಳಕ್ಕೂ ತಾಳ ಸರಿಯಾಗಿ ಬೀಳುತ್ತಿತ್ತು. ಕೈ ಮೇಲೆತ್ತಿದ, ಮುಷ್ಟಿ ಹಿಡಿದ, ಎದೆ ಬಡಿದುಕೊಂಡ, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು ಎರಡೂ ಕೈ ಆಕಾಶಕ್ಕೆ ಚಾಚಿದ.

ನಾವು ನಿಲ್ಲಿಸಿದೆವು. ಆಮೇಲೆ ಚಪ್ಪಾಳೆ, ಶಿಳ್ಳೆ! ನನ್ನ ಶಾಲೆಯ ಹುಡುಗರು ಬೆಂಚಿನ ಮೇಲೆ ಹತ್ತಿ ನಿಂತು "ಒನ್ಸ್ ಮೋರ್! ಒನ್ಸ್ ಮೋರ್!" ಅನ್ನುತ್ತಿದ್ದಾರೆ. ಅಧ್ಯಕ್ಷರು ಒದ್ದೆ ಪಂಚೆಯಲ್ಲೇ ವೇದಿಕೆ ಹತ್ತಿ ಬಂದು ಮೈಕು ಕಿತ್ತುಕೊಂಡರು.

"ಮಹಾಜನಗಳೇ, ದಾವಣಗೆರೆಯೋರತ್ರ ಇರಾದು ಒಂದು ಬಾಸು. ನಮ್ಮೂರಾಗೆ ನಾಲ್ಕು! ಇನ್ನು ಮುಂದೆ ನಾನು ಅಧ್ಯಕ್ಷ ಇರಾತನಕ ಈ ವೇದಿಕೆ ಮೇಲೆ ಇವರೇ, ಬೇರೆ ಯಾರೂ ಇಲ್ಲ." ಆಮೇಲೆ ಗಾಯಕನ ಹೆಗಲ ಮೇಲೆ ಕೈ ಹಾಕಿದರು. "ಇವರು ಹಾಡಿದ್ದರಾಗೆ ಒಂದು ಅಕ್ಷರ ನನಗೆ ಕೇಳಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಮುಖ ನೋಡಿದ್ರಾ? ನಾಡು ಅಂದ್ರೆ ಹಂಗೆ ಎದೆ ಒಡೀಬೇಕು! ಅದೇ ಹಾಡು ಇನ್ನೊಂದ್ಸಲ ಆಗ್ಲಿ. ಒಂದು ಚರಣಾನೂ ಬಿಡಬೇಡ್ರಿ!"

ಗಾಯಕ ನಮ್ಮ ಕಡೆ ನೋಡಿದ. ನಾವು ಗಿಟಾರ್ ಎತ್ತಿಕೊಂಡೆವು. ಅವನು ಗಂಟಲು ಸರಿಮಾಡಿಕೊಂಡು, ಒಂದು ಚರಣವನ್ನೂ ಬಿಡದೆ, ಸಾವ್ಕಾರ್ರಿಂದಲೇ ಮತ್ತೆ ಶುರುಮಾಡಿದ.

ನಾನು ಉಪ್ಪು ಖಾರ ಹಚ್ಚಿದ್ದೇನೆ ಅನ್ನಿಸಿದರೆ ಚನ್ನಗಿರಿಯಲ್ಲಿ ಆಗ ಇದ್ದವರನ್ನು ಯಾರನ್ನಾದರೂ ಕೇಳಿ. ಸಾವಿರದ ಒಂಬೈನೂರ ಎಂಬತ್ತೆರಡು, ನವೆಂಬರ್ ಒಂದನೇ ತಾರೀಖು, ಸೋಮವಾರ.